ಮನಸ್ಸು ಕೈ ಎತ್ತೋದು ಹೇಗೆ? ಕ್ವಾಂಟಂ ದಾರಿಯಲ್ಲಿ ನನ್ನ ಹುಡುಕಾಟ

ಮಂಡ್ಯದಲ್ಲಿ ನನ್ನದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ದಿನವೆಲ್ಲ ತಾಮ್ರದ ತಂತಿ ಸುತ್ತುವವನಿಗೆ ಅದರೊಳಗೆ ಓಡುವ ಎಲೆಕ್ಟ್ರಾನ್ ಏನು ಅಂತ ಕುತೂಹಲ ಹುಟ್ಟೋದು ಸಹಜ ಅಲ್ವಾ? ನನಗೆ ಅದರ ಜೊತೆ ಇನ್ನೊಂದು ಪ್ರಶ್ನೆಯೂ ಅಂಟಿಕೊಂಡಿತು. ಕೈ ಎತ್ತಬೇಕು ಅಂತ ಮನಸ್ಸಿಗೆ ಬಂದರೆ ಕೈ ಏಳೋದು ಹೇಗೆ? ಮನಸ್ಸು ಜಾಗವನ್ನೇ ಹಿಡಿಯುವುದಿಲ್ಲ ಎಂದ ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಅವರಿಗೆ 1643ರಲ್ಲೇ ಬೊಹೆಮಿಯಾದ ರಾಜಕುಮಾರಿ ಎಲಿಜಬೆತ್ ಪತ್ರ ಬರೆದು ಇದನ್ನೇ ಕೇಳಿದ್ದರು.

ನಾನು ನೋಟ್‌ಬುಕ್ಕಿನ ಎಡಪುಟದಲ್ಲಿ ಪ್ರಯೋಗದಲ್ಲಿ ಕಂಡದ್ದನ್ನಷ್ಟೇ ಬರೆಯುತ್ತೇನೆ. ಬಲಪುಟದಲ್ಲಿ ಅದಕ್ಕೆ ಯಾರು ಯಾವ ಅರ್ಥ ಕೊಟ್ಟರು ಅನ್ನೋದು. ಎರಡನ್ನೂ ಬೆರೆಸುವುದಿಲ್ಲ.

ಕೈಯಾರೆ ಮಾಡಬಹುದಾದ್ದನ್ನು ಮಾಡಿ ನೋಡುತ್ತೇನೆ. ಕೆಂಪು ಲೇಸರ್ ಟಾರ್ಚಿನ ಬಾಯಿಗೆ ಒಂದು ತಲೆಕೂದಲು ಅಡ್ಡ ಅಂಟಿಸಿ, ಕತ್ತಲೆ ಕೋಣೆಯಲ್ಲಿ ಎರಡು ಮೀಟರ್ ದೂರದ ಗೋಡೆಗೆ ಬಿಟ್ಟೆ. (ಕಣ್ಣಿಗೆ ಮಾತ್ರ ಬಿಡಬೇಡಿ.) ಕೂದಲಿನ ನೆರಳು ಬೀಳಲಿಲ್ಲ. ನಡುವೆ ಬೆಳಕು, ಅದರ ಎರಡೂ ಕಡೆ ಸುಮಾರು ಎರಡೆರಡು ಸೆಂಟಿಮೀಟರಿಗೊಂದು ಕಪ್ಪು ಸಂದು, ಸಾಲಾಗಿ. ಬೆಳಕು ಅಲೆ ಅನ್ನೋದು ಇಷ್ಟರಿಂದಲೇ ಕಾಣುತ್ತದೆ. ಎಲೆಕ್ಟ್ರಾನಿನ ಕಥೆ ಇನ್ನೂ ಸೋಜಿಗದ್ದು. ಇಂಥ ಅತಿ ಸಣ್ಣ ಕಣಗಳ ನಡತೆಯ ವಿಜ್ಞಾನವೇ ಕ್ವಾಂಟಂ. 1989ರಲ್ಲಿ ಜಪಾನಿನ ತೋನೊಮುರಾ ತಂಡ ಸಣ್ಣ ತಂತಿಯೊಂದರ ಎರಡೂ ಪಕ್ಕ ದಾರಿ ಇಟ್ಟು ಒಂದೊಂದೇ ಎಲೆಕ್ಟ್ರಾನ್ ಬಿಟ್ಟಿತು. ಪ್ರತಿಯೊಂದೂ ಬಿದ್ದದ್ದು ಒಂದು ಚುಕ್ಕೆಯಾಗಿ. ಸಾವಿರಾರು ಚುಕ್ಕೆ ಸೇರಿದಾಗ ಮೂಡಿದ್ದು ಅಲೆಯ ಪಟ್ಟೆ!

ಅಲೆಯಂತೆ ಹರಡಿದ್ದು ಒಂದೇ ಚುಕ್ಕೆಯಾಗುವುದನ್ನು ನೋಡುವವನ ಪ್ರಜ್ಞೆಯೇ ತೀರ್ಮಾನಿಸುತ್ತದೆ ಅಂತ 1961ರಲ್ಲಿ ಭೌತವಿಜ್ಞಾನಿ ವಿಗ್ನರ್ ವಾದಿಸಿದರು. ಇದನ್ನೇ ಹಿಡಿದು ಅದ್ವೈತ ಸಾಬೀತಾಯ್ತು ಅನ್ನುವವರು ನಮ್ಮಲ್ಲಿ ಜಾಸ್ತಿ. ನಾನು ಒಪ್ಪುವುದಿಲ್ಲ. ಪಟ್ಟೆ ಅಳಿಸಲು ಎಲೆಕ್ಟ್ರಾನ್ ಯಾವ ದಾರಿಯಲ್ಲಿ ಹೋಯಿತು ಅಂತ ಪತ್ತೆಹಚ್ಚುವ ಉಪಕರಣ ಇದ್ದರೆ ಸಾಕು, ಯಾರೂ ನೋಡಬೇಕಾಗಿಲ್ಲ. ವಿಗ್ನರ್ ಕೂಡ ಆಮೇಲೆ ಆ ವಾದ ಬಿಟ್ಟರು. ಮಿದುಳಿನ ಬಿಸಿಯಲ್ಲಿ ಹೀಗೆ ಅಲೆಯಂತೆ ಹರಡಿರುವ ಕ್ವಾಂಟಂ ಸ್ಥಿತಿ ಸೆಕೆಂಡಿನ 10 ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಹೊತ್ತೂ ಉಳಿಯುವುದು ಕಷ್ಟ ಅಂತ 2000ದಲ್ಲಿ ಭೌತವಿಜ್ಞಾನಿ ಟೆಗ್‌ಮಾರ್ಕ್ ಲೆಕ್ಕ ಹಾಕಿದರು. ಭೌತವಿಜ್ಞಾನಿ ಪೆನ್‌ರೋಸ್ ಜೊತೆ ಸೇರಿ ಮಿದುಳಿನಲ್ಲಿ ಕ್ವಾಂಟಂ ಹುಡುಕಿದ ಅರಿವಳಿಕೆ ವೈದ್ಯ ಹ್ಯಾಮರಾಫ್ ಆ ಲೆಕ್ಕಕ್ಕೆ ತಕರಾರು ತೆಗೆದರು. ಜಗಳ ಮುಗಿದಿಲ್ಲ.

ನನಗೆ ಕ್ವಾಂಟಂ ನೆರವಾದದ್ದು ದೇಹದ ಕಡೆಯಿಂದ. ದೇಹ ಅಂದರೆ ಗಟ್ಟಿ ಮುದ್ದೆ ಅಂತ ತಿಳಿದೇ ಡೆಕಾರ್ಟ್ ಗಂಟು ಹಾಕಿದ್ದು. ಎಲೆಕ್ಟ್ರಾನನ್ನು ನೋಡಿದ ಮೇಲೆ ಆ ಮುದ್ದೆಯನ್ನು ನಂಬೋದು ಹೇಗೆ? ಮೈಸೂರು ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರ ಬರಹದಲ್ಲಿ ನಮ್ಮ ಹಳೆಯ ದರ್ಶನಗಳಲ್ಲೊಂದಾದ ಸಾಂಖ್ಯ ಓದಿದೆ. ಅಲ್ಲಿ ಮನಸ್ಸು, ಬುದ್ಧಿ ಎರಡೂ ದೇಹದ ಹಾಗೆ ಪ್ರಕೃತಿಗೇ (ಜಡಕ್ಕೇ) ಸೇರಿದವು, ಪುರುಷ ಅಂದರೆ ಚೈತನ್ಯ, ಬರೀ ಸಾಕ್ಷಿ. ಜಡ, ಚೈತನ್ಯಗಳ ನಡುವಿನ ಗೆರೆ ಅಲ್ಲಿ ಬಿದ್ದರೆ ಮನಸ್ಸು ಕೈ ಎತ್ತುವುದರಲ್ಲಿ ತೊಡಕೇ ಇಲ್ಲ. ಸಾಕ್ಷಿಯ ಪ್ರಶ್ನೆ ಮಾತ್ರ ಉಳಿಯುತ್ತದೆ. ಅದಕ್ಕೆ ಎಡಪುಟದಲ್ಲಿ ಏನು ಬರೆಯಬಹುದು ಅಂತ ಈಗ ಹುಡುಕುತ್ತಿದ್ದೇನೆ.