ನೆಟೆ ರೋಗದ ಶಿಲೀಂಧ್ರದ ಸೀಕ್ವೆನ್ಸ್ ಜೋಡಿಸಿದ್ದು: ನನ್ನ ಅನುಭವ

ತೊಗರಿಯ ನೆಟೆ ರೋಗಕ್ಕೆ ಕಾರಣವಾದ ಫ್ಯುಸೇರಿಯಂ ಉಡಮ್ ಶಿಲೀಂಧ್ರದ ಐಸೊಲೇಟುಗಳ (ಹೊಲಗಳಿಂದ ತಂದು ಬೇರ್ಪಡಿಸಿದ ಮಾದರಿಗಳ) ಡಿಎನ್ಎ ಸೀಕ್ವೆನ್ಸನ್ನು, ಅಂದರೆ ಬೇಸುಗಳ (ಡಿಎನ್ಎ ಅಕ್ಷರಗಳ) ಸಾಲನ್ನು, 8 ಜಿಬಿ ಲ್ಯಾಪ್‌ಟಾಪಿನಲ್ಲಿ, ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಹೋಲಿಸಲು ಆಗದು ಎಂದವರೇ ಹೆಚ್ಚು. ಆಳಂದ, ಜೇವರ್ಗಿ, ಚಿಂಚೋಳಿ ಹೊಲಗಳ ಸುಮಾರು 40 ಐಸೊಲೇಟುಗಳು ಈಗ ಒಂದೇ ಅಲೈನ್‌ಮೆಂಟಿನಲ್ಲಿ ನೆಟ್ಟಗೆ ಕೂತಿವೆ, ಅಂದರೆ ಸಮಾನ ಬೇಸುಗಳು ಒಂದೇ ಕಾಲಮಿನಲ್ಲಿ ಬರುವಂತೆ ಒಂದರ ಕೆಳಗೊಂದು ಜೋಡಣೆಯಾಗಿವೆ; ಹೊಂದದ ಕಡೆ ಬಿಡುವ ಖಾಲಿ ಜಾಗವೇ ಗ್ಯಾಪ್.

ಐಟಿಎಸ್ (ಶಿಲೀಂಧ್ರ ಗುರುತಿಸಲು ಸಾಮಾನ್ಯವಾಗಿ ಓದಿಸುವ ಡಿಎನ್ಎ ತುಣುಕು) ಮೇಲೆ ದುಡ್ಡು ಹಾಕಬೇಡಿ. ಫ್ಯುಸೇರಿಯಂ ಒಳಗೆ ಅದರಲ್ಲಿ ವ್ಯತ್ಯಾಸ ಸಿಗುವುದೇ ಕಡಿಮೆ. ಟೆಫ್-1 ಜೀನಿನ 650-700 ಬೇಸ್ ಸಾಕು, ವ್ಯತ್ಯಾಸ ಇರುವುದು ಅದರ ಇಂಟ್ರಾನುಗಳಲ್ಲಿ (ಪ್ರೋಟೀನಿಗೆ ಬಾರದ ಭಾಗಗಳಲ್ಲಿ). ಒಂದು ರಿಯಾಕ್ಷನ್ನಿಗೆ (ಒಂದು ಓದಿಗೆ) 400-500 ರೂಪಾಯಿ ಬಿತ್ತು, ಕೆಟ್ಟು ಬಂದದ್ದಕ್ಕೂ ಬಿಲ್ ತಪ್ಪಲಿಲ್ಲ. ಒಂದೇ ದಿಕ್ಕಿನಿಂದ ಓದಿಸಿದರೆ ಉಳಿಸಿದ ಹಣ ಉಳಿಯುವುದಿಲ್ಲ. ಟಿ ಬೇಸುಗಳು 9-10 ಸಾಲಾಗಿ ಬಂದಲ್ಲಿ ಪಾಲಿಮರೇಸ್ (ಡಿಎನ್ಎ ನಕಲು ಮಾಡುವ ಕಿಣ್ವ) ಜಾರುತ್ತದೆ, ಅಲ್ಲಿಂದಾಚೆ ಓದಿನ ಗ್ರಾಫಿನಲ್ಲಿ (ಕ್ರೊಮ್ಯಾಟೊಗ್ರಾಂ) ಪೀಕಿನ ಮೇಲೆ ಪೀಕು. ಆ ಭಾಗವನ್ನು ರಿವರ್ಸ್ (ಎದುರು ದಿಕ್ಕಿನ) ಓದಿನಿಂದಲೇ ತುಂಬಬೇಕು. ಮೊದಲ 30-40 ಬೇಸ್ ಕತ್ತರಿಸಿ, ಬಾಲವನ್ನು ಕ್ಯೂ-20 (ನೂರಕ್ಕೆ ಒಂದು ತಪ್ಪಿನ ಗುಣಮಟ್ಟ) ನೋಡಿ ಕತ್ತರಿಸಿ.

ಫಾಸ್ಟಾ (ಸೀಕ್ವೆನ್ಸ್ ಬರೆದಿಡುವ ಟೆಕ್ಸ್ಟ್ ಫೈಲ್) ಒಳಗಿನ ಹೆಸರಿನಲ್ಲಿ ಸ್ಪೇಸ್ ಬೇಡ. ಎಷ್ಟೋ ಪ್ರೋಗ್ರಾಂಗಳು ಸ್ಪೇಸಿನ ನಂತರದ್ದನ್ನು ಬಿಟ್ಟುಬಿಡುತ್ತವೆ, ಎರಡು ಐಸೊಲೇಟಿಗೆ ಒಂದೇ ಹೆಸರು ಉಳಿದು ಕೆಲಸ ನಿಲ್ಲುತ್ತದೆ. ತಿರುಗುಮುರುಗಾದ ಒಂದು ಸೀಕ್ವೆನ್ಸ್ ಒಳಗೆ ಸೇರಿದರೂ ಅಲೈನ್‌ಮೆಂಟ್ ತುಂಬ ಗ್ಯಾಪೋ ಗ್ಯಾಪು. ಸೀಕ್ವೆನ್ಸ್ ಜೋಡಿಸುವ ಮ್ಯಾಫ್ಟ್ ಪ್ರೋಗ್ರಾಂನಲ್ಲಿ ಅಡ್ಜಸ್ಟ್-ಡೈರೆಕ್ಷನ್ ಕೊಟ್ಟರೆ ಅದೇ ತಿರುಗಿಸಿ, ಹೆಸರಿನ ಆರಂಭದಲ್ಲಿ ಆರ್ ಅಕ್ಷರದ ಗುರುತು ಹಾಕುತ್ತದೆ. ಆಮೇಲೆ ಅದರಲ್ಲೇ ಲೋಕಲ್-ಪೇರ್, ಮ್ಯಾಕ್ಸ್-ಇಟರೇಟ್ 1000 ಎಂಬ ಸೆಟ್ಟಿಂಗ್. ಸುಮಾರು 200 ಸೀಕ್ವೆನ್ಸಿನ ತನಕ ಇದೇ ನನ್ನ ಆಯ್ಕೆ. 40ಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಗ್ಯಾಪ್ ಓಪನಿಂಗ್ (ಹೊಸ ಗ್ಯಾಪ್ ತೆರೆದರೆ ಬೀಳುವ ದಂಡ) ಡಿಫಾಲ್ಟ್ 1.53, ಇಂಟ್ರಾನಿಗಾಗಿ ನಾನು ಇಟ್ಟ ಸಂಖ್ಯೆ ಬೇರೆ. ಪೇಪರ್ ಬರುವ ತನಕ ಅದು ನನ್ನಲ್ಲೇ ಇರಲಿ.

ಅಲೈನ್‌ಮೆಂಟಿನ ಕಾಲಂ ಕತ್ತರಿಸುವ ಟ್ರಿಮ್-ಎಎಲ್‌ನ ಗ್ಯಾಪಿ-ಔಟ್ ಇಲ್ಲಿ ಕೈಕೊಟ್ಟಿತು. ಗ್ಯಾಪ್ ಇರುವ ಕಾಲಂಗಳನ್ನು ತೆಗೆಯುವಾಗ, ಐಸೊಲೇಟುಗಳನ್ನು ಬೇರ್ಪಡಿಸುವ ಇಂಟ್ರಾನ್ ಕಾಲಂಗಳೂ ಹೋದವು. ಅದೇ ಕೆಲಸದ ಜಿಬ್ಲಾಕ್ಸ್ ಕತ್ತರಿಸುವುದರಲ್ಲಿ ಇನ್ನೂ ಜೋರು. ಕಡೆಗೆ ಎರಡು ತುದಿ ಮಾತ್ರ ಕತ್ತರಿಸಿ, ಒಳಗಿನದನ್ನು ಅಲಿವ್ಯೂ ಪ್ರೋಗ್ರಾಂನಲ್ಲಿ ಕಣ್ಣಾರೆ ನೋಡಿದೆ. ಒಬ್ಬಂಟಿ ಬದಲಾವಣೆ ಕಂಡ ಪ್ರತಿ ಕಾಲಮಿಗೂ ಕ್ರೊಮ್ಯಾಟೊಗ್ರಾಂ ತೆರೆಯಲೇಬೇಕು. ಸಿ ಮತ್ತು ಟಿ ಪೀಕುಗಳು ಒಂದೇ ಎತ್ತರಕ್ಕೆ ನಿಂತಿದ್ದರೆ ವೈ (ಸಿ ಅಥವಾ ಟಿ) ಎಂದು ಬರೆಯಿರಿ, ಊಹಿಸಬೇಡಿ. ತುದಿಯಲ್ಲಿ ಓದು ಸಿಗದ ಜಾಗಕ್ಕೆ ಗ್ಯಾಪ್ ಅಲ್ಲ, ಎನ್ (ಗೊತ್ತಿಲ್ಲದ ಬೇಸ್) ಹಾಕಿ.

ಮೆಗಾ ಪ್ರೋಗ್ರಾಂನಲ್ಲಿ ದೂರ (ಎರಡು ಸೀಕ್ವೆನ್ಸುಗಳ ನಡುವಿನ ವ್ಯತ್ಯಾಸ) ಲೆಕ್ಕ ಹಾಕುವಾಗ ಕಂಪ್ಲೀಟ್ ಡಿಲೀಶನ್ (ಒಂದರಲ್ಲಿ ಖಾಲಿ ಇದ್ದರೂ ಆ ಕಾಲಮನ್ನೇ ಬಿಡುವುದು) ಬಗ್ಗೆ ಎಚ್ಚರ. 300 ಬೇಸಿನ ಒಂದು ಗಿಡ್ಡ ಸೀಕ್ವೆನ್ಸ್ ಇದ್ದರೂ ಉಳಿದ ಎಲ್ಲದರ ಲೆಕ್ಕವೂ ಆ 300ಕ್ಕೆ ಇಳಿಯುತ್ತದೆ. ಗಿಡ್ಡದ್ದನ್ನು ಹೊರಗಿಡಿ, ಇಲ್ಲವೆ ಪೇರ್‌ವೈಸ್ ಡಿಲೀಶನ್ (ಹೋಲಿಸುವ ಜೋಡಿಯಲ್ಲಿ ಖಾಲಿ ಇರುವುದನ್ನಷ್ಟೇ ಬಿಡುವುದು) ಹಾಕಿ.

ನಡುವೆ ಕಾಯಿಕೊರಕ ಹುಳುವಿನ ಸಿಓ-1 (ಕೀಟ ಗುರುತಿಸಲು ಬಳಸುವ ಮೈಟೊಕಾಂಡ್ರಿಯಾದ ಜೀನು) ಕೂಡ ಜೋಡಿಸಿ ನೋಡಿದೆ. 658 ಬೇಸಿನ ಆ ತುಣುಕಿನಲ್ಲಿ ಗ್ಯಾಪ್ ಬರಬಾರದು, ಬಂದರೆ ಓದೇ ತಪ್ಪು ಅಥವಾ ಅದು ನಕಲಿ ಜೀನು (ಕೆಲಸ ಮಾಡದ ಪ್ರತಿ). ಪ್ರೋಟೀನಿಗೆ ತಿರುಗಿಸುವಾಗ ಜೆನೆಟಿಕ್ ಕೋಡ್ ಟೇಬಲ್ 5 (ಕೀಟಗಳಂಥ ಅಕಶೇರುಕಗಳ ಮೈಟೊಕಾಂಡ್ರಿಯಾದ ಕೋಡ್) ಇಡಿ. ಸಾಮಾನ್ಯ ಕೋಡಿನಲ್ಲಿ ಟಿಜಿಎ ಎಂಬ ಮೂರು ಬೇಸು ಸ್ಟಾಪ್ (ಪ್ರೋಟೀನ್ ಮುಗಿಯುವ ಗುರುತು) ಎಂದು ಕಂಡು, ಚೆನ್ನಾಗಿರುವ ಸೀಕ್ವೆನ್ಸನ್ನೇ ಎಸೆದುಬಿಡುತ್ತೀರಿ.

ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಕೊಟ್ಟಿಲ್ಲ. ಮರು-ಓದು, ಕೊರಿಯರ್ ಸೇರಿ ಒಟ್ಟು 45 ಸಾವಿರದ ಆಸುಪಾಸು.