ಒದೆ ತಿನ್ನುತ್ತಿರುವ ಪಿಚರ್‌ನನ್ನು ಮಾರುವ ಮೊದಲು

ಔಟ್ ಆಫ್ ದಿ ಪಾರ್ಕ್ ಬೇಸ್‌ಬಾಲ್ ಎಂಬ, ತಂಡ ನಡೆಸುವ ಕಂಪ್ಯೂಟರ್ ಆಟದಲ್ಲಿ ಯುವ ಪಿಚರ್‌ನ (ಚೆಂಡು ಎಸೆಯುವವನ) ಇಆರ್‌ಎ, ಅಂದರೆ 9 ಇನಿಂಗ್ಸಿಗೆ ಅವನ ಲೆಕ್ಕಕ್ಕೆ ಬರುವ ರನ್‌ಗಳ ಸರಾಸರಿ, 6 ದಾಟಿದ್ದೇ ತಡ, ತುಂಬಾ ಜನ ಅವನನ್ನು ಬೇರೆ ತಂಡಕ್ಕೆ ಕೊಡಲು ಟ್ರೇಡ್ ಪರದೆ ತೆರೆಯುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ಇಆರ್‌ಎಯಲ್ಲಿ ಫೀಲ್ಡರ್‌ಗಳ ಪಾಲೂ ಇದೆ, ಅದೃಷ್ಟದ ಪಾಲೂ ಇದೆ. ಪಿಚರ್‌ನ ಕೈಯಲ್ಲಿ ಮುಖ್ಯವಾಗಿ ಇರುವುದು ಮೂರೇ: ಸ್ಟ್ರೈಕೌಟ್ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟ್), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಮೊದಲ ಬೇಸ್), ಹೋಮ್ ರನ್ (ಮೈದಾನದಾಚೆಗೆ ಹೊಡೆತ).

ಮೇಜರ್ ಲೀಗಿಗೆ ಒಂದು ಮೆಟ್ಟಿಲು ಕೆಳಗಿನ ನನ್ನ ಟ್ರಿಪಲ್ ಎ ತಂಡದಲ್ಲಿ ಈಗ 22 ವರ್ಷದ ಎಡಗೈ ಹುಡುಗನೊಬ್ಬ ಇದ್ದಾನೆ. 60 ಇನಿಂಗ್ಸ್, ಇಆರ್‌ಎ 6.30. ಸ್ಟ್ರೈಕೌಟ್ 58, ಹೋಮ್ ರನ್ 6, ಎಸೆತ ಬ್ಯಾಟರ್‌ನ ಮೈಗೆ ತಗುಲಿದ್ದೂ ಸೇರಿ ವಾಕ್ 41. ಆ ಮೂರರಿಂದಲೇ ಪಿಚರ್‌ನನ್ನು ಅಳೆಯುವ ಅಂಕಿ ಎಫ್‌ಐಪಿ; ಅವನದನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಹೋಮ್ ರನ್ 13 ಪಟ್ಟು, ವಾಕ್ 3 ಪಟ್ಟು: 78 ಮತ್ತು 123, ಒಟ್ಟು 201. ಸ್ಟ್ರೈಕೌಟಿನ ಎರಡು ಪಟ್ಟು, ಅಂದರೆ 116 ಕಳೆದರೆ 85. ಅದನ್ನು 60ರಿಂದ ಭಾಗಿಸಿ, ಇಆರ್‌ಎ ಅಳತೆಗೆ ತರಲು ಸುಮಾರು 3.1 ಸೇರಿಸಿ. 4.5 ಬಂತು. 6.30 ಎಲ್ಲಿ, 4.5 ಎಲ್ಲಿ! ಹುಡುಗ ತಿಂದ ಏಟಿನಲ್ಲಿ ದೊಡ್ಡ ಪಾಲು ಅವನದಲ್ಲ. ಆದರೆ ಆ 41 ವಾಕ್ ಮಾತ್ರ ಪೂರ್ತಿ ಅವನದೇ.

ಕಾಯಿಲೆ ಗೊತ್ತಾಯಿತು ಅಲ್ವಾ? ಈಗ ರೇಟಿಂಗ್ ನೋಡಿ. ಸ್ಟಫ್ ಸ್ಟ್ರೈಕೌಟಿಗೆ, ಮೂವ್‌ಮೆಂಟ್ ಹೋಮ್ ರನ್ ತಡೆಯುವುದಕ್ಕೆ, ಕಂಟ್ರೋಲ್ ವಾಕ್ ತಡೆಯುವುದಕ್ಕೆ. 20ರಿಂದ 80ರ ಅಳತೆಯಲ್ಲಿ ನನ್ನ ಹುಡುಗನ ಕಂಟ್ರೋಲ್ ಈಗ 35, ಮುಂದೆ ಮುಟ್ಟಬಹುದಾದದ್ದು 55. ಈ ಅಂತರ ಇದ್ದರೆ ಕಾಯಿರಿ. ಎರಡೂ 35 ಆಗಿದ್ದರೆ ಕಾದು ಪ್ರಯೋಜನವಿಲ್ಲ.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಅವನನ್ನು ಇನ್ನೊಂದು ಮೆಟ್ಟಿಲು ಕೆಳಗಿನ ಡಬಲ್ ಎಗೆ ಇಳಿಸಿ, ಸ್ಟಾರ್ಟರ್ (ಪಂದ್ಯ ಶುರುಮಾಡುವ ಪಿಚರ್) ಆಗಿ ಸರದಿ ತಪ್ಪದೆ ಆಡಿಸಿ. ಬೆಂಚಿನಲ್ಲಿ ಕೂತವನು ಬೆಳೆಯುವುದಿಲ್ಲ. ಅಲ್ಲಿನ ಪಿಚಿಂಗ್ ಕೋಚ್ ಹೇಗಿದ್ದಾನೆ ಅಂತಲೂ ನೋಡಿ. ಮೇಜರ್ ಲೀಗ್ ಕೋಚ್‌ಗೆ ದುಡ್ಡು ಸುರಿದು ಕೆಳಗಿನವರನ್ನು ಮರೆಯುವವರೇ ಜಾಸ್ತಿ. ಹೊಸ ಆವೃತ್ತಿಗಳಲ್ಲಿ ಡೆವಲಪ್‌ಮೆಂಟ್ ಲ್ಯಾಬ್ ಇದೆ, ಸೀಸನ್ ಮುಗಿದ ಮೇಲೆ ಅವನನ್ನು ಕಂಟ್ರೋಲ್ ತರಬೇತಿಗೆ ಹಾಕಿ. ಮೇಜರ್ ಲೀಗ್ ತಂಡದ 40 ಜನರ ಪಟ್ಟಿಯಲ್ಲಿದ್ದರೆ ಆಪ್ಷನ್ ವರ್ಷಗಳು, ಅಂದರೆ ಅವನನ್ನು ಅಡ್ಡಿಯಿಲ್ಲದೆ ಕೆಳಗಿಳಿಸಬಹುದಾದ ವರ್ಷಗಳು, ಸಾಮಾನ್ಯವಾಗಿ ಮೂರೇ ಎಂಬುದು ನೆನಪಿರಲಿ.

ಕೆಳಗಿಳಿಸುವುದು ಅವಮಾನ ಅಂತ ಅನಿಸಿದರೆ ಮೇಜರ್ ಲೀಗ್ ಪಿಚರ್ ರಾಯ್ ಹ್ಯಾಲಡೇಯನ್ನು ನೆನೆಯಿರಿ. 2000ರಲ್ಲಿ ಟೊರಾಂಟೊ ತಂಡಕ್ಕೆ ಆಡುವಾಗ ಅವನ ಇಆರ್‌ಎ 10.64. 2001ರಲ್ಲಿ ಅವನನ್ನು ಡಬಲ್ ಎಗಿಂತಲೂ ಕೆಳಗಿನ ಕ್ಲಾಸ್ ಎ ತನಕ ಇಳಿಸಿದರು. ಅಲ್ಲಿಂದ ಎಸೆತದ ಶೈಲಿಯನ್ನೇ ಬದಲಿಸಿಕೊಂಡು ಬಂದ. 2003ರಲ್ಲೂ 2010ರಲ್ಲೂ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ. ಆಟದಲ್ಲಿ ಯಾರನ್ನಾದರೂ ಕೈಬಿಡುವ ಮೊದಲು ನಾನು ನೆನೆಯುವುದು ಅವನನ್ನೇ.

ಎಲ್ಲರೂ ಸ್ಟಾರ್ಟರ್ ಆಗುವುದಿಲ್ಲ, ಅದೂ ನಿಜ. ಮೂರು ಬಗೆಯ ಒಳ್ಳೆಯ ಪಿಚ್ (ಎಸೆತ) ಇಲ್ಲದಿದ್ದರೆ, ಸ್ಟ್ಯಾಮಿನಾ ಕಡಿಮೆಯಿದ್ದರೆ ಬುಲ್‌ಪೆನ್‌ಗೆ, ಅಂದರೆ ಪಂದ್ಯದ ನಡುವೆ ಬಂದು ಎಸೆಯುವವರ ಗುಂಪಿಗೆ, ಕಳಿಸಿ. ಅಲ್ಲಿ ಸ್ಟಫ್ ರೇಟಿಂಗ್ ಏರುತ್ತದೆ, ಎರಡೇ ಪಿಚ್‌ನಲ್ಲಿ ಬದುಕಬಹುದು.

ಮತ್ತೆ ಮೇಲಕ್ಕೆ ಕರೆಯಲು ಒಂದು ಒಳ್ಳೆಯ ತಿಂಗಳು ಸಾಲದು. 9 ಇನಿಂಗ್ಸಿಗೆ ವಾಕ್ 4ಕ್ಕಿಂತ ಕೆಳಗಿಳಿದು ಒಂದೆರಡು ತಿಂಗಳು ಅಲ್ಲೇ ನಿಲ್ಲಬೇಕು, ಸ್ಟ್ರೈಕೌಟ್ ಬೀಳಬಾರದು. ಆಮೇಲೆ ಟ್ರಿಪಲ್ ಎಗೆ ಕರೆಯಿರಿ.