ಡಚ್ಚರ ರೊಕ್ಕ, ನಮ್ಮ ಸಂಘದ ಠರಾವು ಪುಸ್ತಕ

"ಯಕ್ಕಾ, ಸಾಲ ಕೊಡಾಕ ಬಂದೀರೇನ್ರಿ?"

"ಇಲ್ರೀ ಅವ್ವಾ."

"ಹೊಲಿಗಿ ಮಷಿನ್ನು?"

"ಅದೂ ಇಲ್ರಿ."

"ಮತ್ಯಾಕ ಬಂದ್ರಿ?"

1992ರಲ್ಲಿ ಇಂಡಿ ತಾಲೂಕಿನ ಹಳ್ಳಿಯೊಂದರ ಕಟ್ಟೆಯ ಮೇಲೆ ನಡೆದ ಮಾತಿದು. ಹಳ್ಳಿಯ ಹೆಣ್ಣುಮಕ್ಕಳ ಸಂಘ ಕಟ್ಟಿ ಅವರ ಕಲಿಕೆಗೆ ಜೊತೆಯಾಗುತ್ತಿದ್ದ ಸರ್ಕಾರಿ ಕಾರ್ಯಕ್ರಮ ಮಹಿಳಾ ಸಮಾಖ್ಯಾ. ಆಗಷ್ಟೇ ಅದರಲ್ಲಿ ಸಹಯೋಗಿನಿಯಾಗಿ, ಅಂದರೆ ಹಳ್ಳಿ ಸುತ್ತುವ ಕಾರ್ಯಕರ್ತೆಯಾಗಿ ಸೇರಿದ್ದೆ. ಹತ್ತು ಹಳ್ಳಿ ನನ್ನ ಪಾಲಿಗೆ. ಬಸ್ಸು ಹೋಗುತ್ತಿದ್ದದ್ದು ನಾಲ್ಕಕ್ಕೆ, ಉಳಿದವಕ್ಕೆ ಕಾಲ್ನಡಿಗೆ. ತರಬೇತಿಯಲ್ಲಿ ನಮಗೆ ಹೇಳಿದ್ದು, ಏನನ್ನೂ ಕೊಡ್ತೀನಿ ಅನ್ನಬೇಡ, ಮೊದಲು ಕೂತು ಕೇಳು ಅಂತ. ಆರು ತಿಂಗಳು ಅದನ್ನೇ ಮಾಡಿದೆ. ಹೊಲದಲ್ಲಿ ಜೋಳ ಕೊಯ್ಯುವಾಗ ಜೊತೆಗೆ ಕೊಯ್ದೆ, ರಾತ್ರಿ ಊಟವಾದ ಮೇಲೆ ಕಂದೀಲು ಹಚ್ಚಿಕೊಂಡು ಗುಡಿಯ ಮುಂದೆ ಕೂತೆ.

ಈ ಕೂತು ಕೇಳುವ ಕೆಲಸಕ್ಕೆ ಗೌರವಧನ, ಬಸ್ ಚಾರ್ಜು, ಕಂದೀಲಿನ ಸೀಮೆಎಣ್ಣೆ ಎಲ್ಲ ಎಲ್ಲಿಂದ ಬರುತ್ತಿತ್ತು? ನೆದರ್ಲೆಂಡ್ಸ್‌ನಿಂದ, ಅಂದರೆ ಡಚ್ಚರ ದೇಶದಿಂದ. ಅಲ್ಲಿಯ ಸರ್ಕಾರ ನಮ್ಮ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಗೆ ಕೊಟ್ಟ ನೆರವು ಕಾರ್ಯಕ್ರಮ ನಡೆಸುತ್ತಿದ್ದ ರಾಜ್ಯದ ಸೊಸೈಟಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ನಮ್ಮ ಸಂಘಗಳಿಗೆ ಇಳಿಯುತ್ತಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಶುರುವಾದ ಕಾರ್ಯಕ್ರಮ ನಮ್ಮದು. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ಶೇ. 0.7ರಷ್ಟನ್ನು ಬಡ ದೇಶಗಳಿಗೆ ಕೊಡಬೇಕು ಅಂತ ವಿಶ್ವಸಂಸ್ಥೆ 1970ರಲ್ಲೇ ಹೇಳಿತ್ತು. ಆ ಮಾತನ್ನು ನಡೆಸಿಕೊಟ್ಟ ದೇಶಗಳು ಕೆಲವೇ. ಎಪ್ಪತ್ತರ ದಶಕದ ನಡುವಿನಿಂದ 2012ರವರೆಗೆ ಡಚ್ಚರು ಅದನ್ನು ಉಳಿಸಿಕೊಂಡರು. ನನಗೆ ಇದೆಲ್ಲ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಮೊದಲ ಸಂಘಕ್ಕೆ ಹದಿನಾಲ್ಕು ಹೆಣ್ಣುಮಕ್ಕಳು ಸೇರಿದರು. ಸಭೆಯಾದ ಮೇಲೆ ಠರಾವು ಬರೆಯಬೇಕು, ಹಾಜರಿ ಹಾಕಬೇಕು. ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಹಾಜರಿಗೆ ಒಬ್ಬೊಬ್ಬರೂ ತಮಗೆ ಬೇಕಾದ ಚಿತ್ರ ಬರೆಯಲಿ ಅಂದೆ. ಒಬ್ಬಾಕೆ ಮೊರ ಬರೆದಳು, ಒಬ್ಬಾಕೆ ಬೀಸುಕಲ್ಲು, ಒಬ್ಬಾಕೆ ಕುಡುಗೋಲು. ಕುಡುಗೋಲಿನಾಕೆಯ ಬೆರಳು ಪೆನ್ನಿಗೆ ಬಗ್ಗುತ್ತಲೇ ಇರಲಿಲ್ಲ. ಕಳೆ ಕಿತ್ತೂ ಕಿತ್ತೂ ಬೆರಳ ಸಂದಿಯೆಲ್ಲ ಸೀಳು ಬಿಟ್ಟಿತ್ತು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಹಾಳೆ ಹರಿಯುವ ಹಾಗೆ ಒತ್ತಿ ಬರೆದಳು. ಪುಟ ತಿರುಗಿಸಿದರೆ ಹಿಂದಿನ ಬದಿಗೂ ಕುಡುಗೋಲು ಎದ್ದಿತ್ತು.

ಅವಳ ಹೆಸರಿನ ಅಕ್ಷರ ಪಾಟಿಯ ಮೇಲೆ ಮೂಡುವ ಹೊತ್ತಿಗೆ ವರ್ಷವೇ ಕಳೆಯಿತು. ಆಮೇಲೆ ಅಂಕಿ ಕಲಿತಳು. ಅದರ ಮುಂದಿನ ಬೇಸಿಗೆ, ಊರ ರಸ್ತೆ ಕೆಲಸದ ಪಗಾರ ಹಂಚುವಾಗ ಮಸ್ಟರ್ ರೋಲಿನಲ್ಲಿ ತನ್ನ ಹೆಸರು ತಾನೇ ಹುಡುಕಿದಳು. ದುಡಿದದ್ದು ಹನ್ನೆರಡು ದಿನ, ಹಾಳೆಯಲ್ಲಿದ್ದದ್ದು ಎಂಟು. ಸಹಿ ಹಾಕುವುದಿಲ್ಲ ಅಂತ ಅಲ್ಲೇ ಕೂತುಬಿಟ್ಟಳು. ಮರುದಿನ ಹದಿನಾಲ್ಕೂ ಮಂದಿ ಹೋದರು. ನಾನು ಹೋಗಲಿಲ್ಲ, ಬೇಕಂತಲೇ ಹೋಗಲಿಲ್ಲ. ನಾಲ್ಕು ದಿನದ ಪಗಾರ ಬಂತು, ಅವಳೊಬ್ಬಳದ್ದೇ ಅಲ್ಲ, ಎಲ್ಲರದ್ದೂ.

ನೆರವು ಅಂದರೆ ನನಗೆ ಇವತ್ತಿಗೂ ಇದೇ ನೆನಪಾಗುವುದು. ಆ ನಾಲ್ಕು ದಿನದ ಪಗಾರಕ್ಕೆ ಹತ್ತಿರ ಹತ್ತಿರ ಎರಡು ವರ್ಷದ ಓಡಾಟ ಬೇಕಾಯಿತು. ಇಷ್ಟು ತಿಂಗಳಲ್ಲಿ ಇಷ್ಟು ಜನ ಸಾಕ್ಷರರಾಗಬೇಕು ಅಂತ ಮೇಲಿನಿಂದ ಗುರಿ ಕೊಟ್ಟಿದ್ದರೆ, ಮೊದಲ ಮೂರು ತಿಂಗಳಲ್ಲೇ ಸಹಿ ಮಾಡುವುದನ್ನು ಬಾಯಿಪಾಠದ ಹಾಗೆ ಕಲಿಸಿ ಲೆಕ್ಕ ಒಪ್ಪಿಸಿಬಿಡುತ್ತಿದ್ದೆ. ಹಾಗೆ ಗುರಿ ಇಟ್ಟುಕೊಳ್ಳದೇ ಇದ್ದದ್ದೇ ನಮ್ಮ ಕಾರ್ಯಕ್ರಮದ ದೊಡ್ಡ ಬಲ. ಕಟ್ಟಡಕ್ಕೆ, ಯಂತ್ರಕ್ಕೆ ರೊಕ್ಕ ಕೊಡುವವರು ಸಿಗುತ್ತಾರೆ. ನಡೆದು ಹೋಗುವ ಒಬ್ಬ ಹೆಣ್ಣುಮಗಳ ಪಗಾರಕ್ಕೆ, ಅದೂ ವರ್ಷಗಟ್ಟಲೆ, ಕೊಡುವವರು ಅಪರೂಪ.

ಕೆಲಸದ ಪರಿಶೀಲನೆಗೆ ಒಮ್ಮೆ ಹೊರಗಿನವರ ತಂಡ ಬಂತು. ಎಷ್ಟು ಜನ ಓದು ಕಲಿತರು ಅಂತ ಕೇಳಿದರು. ಆ ಊರಿನ ಮಟ್ಟಿಗೆ ನನ್ನ ಉತ್ತರ ಮೂರು. ಹೇಳುವಾಗ ಗಂಟಲು ಒಣಗಿತ್ತು. ಬೀಸುಕಲ್ಲಿನಾಕೆ ಎದ್ದು ಹೋಗಿ ಠರಾವು ಪುಸ್ತಕ ತಂದು ಅವರ ಮುಂದೆ ಬಿಚ್ಚಿಟ್ಟಳು. ಮೊದಲ ಪುಟಗಳ ಚಿತ್ರ, ನಡುವೆ ಚಿತ್ರದ ಪಕ್ಕ ಸೊಟ್ಟ ಅಕ್ಷರ, ಕೊನೆಗೆ ಮೂರು ಕಡೆ ಅಕ್ಷರವೊಂದೇ. ಬಂದವರು ಬಹಳ ಹೊತ್ತು ಪುಟ ತಿರುಗಿಸುತ್ತಾ ಕೂತರು.

2000ದಲ್ಲಿ ವಿಶ್ವಸಂಸ್ಥೆಯ ಸಹಸ್ರಮಾನದ ಅಭಿವೃದ್ಧಿ ಗುರಿಗಳು ಬಂದಾಗ ನಾನು ಜಿಲ್ಲಾ ಕಚೇರಿಯಲ್ಲಿದ್ದೆ. ಎಂಟು ಗುರಿಗಳಲ್ಲಿ ಎರಡನೆಯದು ಪ್ರಾಥಮಿಕ ಶಿಕ್ಷಣ, ಮೂರನೆಯದು ಹೆಣ್ಣು ಗಂಡಿನ ಸಮಾನತೆ. ನಮ್ಮ ಹಳ್ಳಿಗಳಲ್ಲಿ ಅವೆರಡನ್ನೂ ಬೇರೆ ಬೇರೆ ಮಾಡಲು ಆಗುತ್ತಲೇ ಇರಲಿಲ್ಲ. ಸಂಘಕ್ಕೆ ಬರುತ್ತಿದ್ದ ತಾಯಂದಿರೇ ಮಗಳನ್ನು ಶಾಲೆ ಬಿಡಿಸುವುದಿಲ್ಲ ಅಂತ ಹಟ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ.

2003ರಲ್ಲಿ ಭಾರತ ಸರ್ಕಾರ ಕೆಲವೇ ದೇಶಗಳಿಂದ ಮಾತ್ರ ನೆರವು ಪಡೆಯುವುದಾಗಿ ತೀರ್ಮಾನಿಸಿತು. ಆ ಪಟ್ಟಿಯಲ್ಲಿ ನೆದರ್ಲೆಂಡ್ಸ್ ಇರಲಿಲ್ಲ. ಮುಂದೆ ನಮ್ಮ ಸರ್ಕಾರದ್ದೇ ಹಣ, ಆಮೇಲೆ ಬ್ರಿಟನ್ನಿನ ನೆರವು, ಅದೂ ಮುಗಿಯಿತು. 2016ರಲ್ಲಿ ಕಾರ್ಯಕ್ರಮವೇ ನಿಂತಿತು. ದೇಶ ತನ್ನ ಕಾಲ ಮೇಲೆ ನಿಲ್ಲಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹಳ್ಳಿಗೆ ನಡೆದು ಹೋಗುವವರು ಇಲ್ಲದಂತಾದದ್ದು ನನಗೆ ಸಂಕಟ.

ಆ ವರ್ಷ ಮಳೆಗಾಲದ ಮುಂಚೆ ಆ ಊರಿಗೆ ಹೋಗಿದ್ದೆ. ಸಂಘದ ಮನೆಯ ತಗಡು ಎರಡು ಕಡೆ ತೂತು ಬಿದ್ದಿತ್ತು. ಕಚೇರಿ ಮುಚ್ಚಿದ್ದನ್ನು ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದೆ, ಅವರಿಗೆ ಆಗಲೇ ಗೊತ್ತಿತ್ತು. ಕುಡುಗೋಲಿನಾಕೆ ಕನ್ನಡಕ ಏರಿಸಿ, ಹಿಂದಿನ ವಾರ ತಾನೇ ಬರೆದ ಠರಾವನ್ನು ಓದಿ ಹೇಳಿದಳು: ಒಬ್ಬೊಬ್ಬರು ಐವತ್ತು ರೂಪಾಯಿ ಹಾಕಿ, ಮಿರಗದ ಮಳೆ ಬೀಳುವುದರೊಳಗೆ ತಗಡು ಬದಲಿಸತಕ್ಕದ್ದು.